ಮಡೆಪ್ಪನ ಸಿಡಿಲಿನ ತಕರಾರು

ಭಾಲ್ಕಿಯವರು ಎಲ್ಲದಕ್ಕೂ ಸಂಶಯ ಪಡುತ್ತಾರೆ ಎಂದು ಔರಾದಿನವರು ಹೇಳುತ್ತಾರೆ. ಅವರು ಹಾಗೆ ಯಾಕೆ ಹೇಳುತ್ತಾರೆ ಎಂಬುದರ ಬಗ್ಗೆ ನಮಗೆ ಮೊದಲಿನಿಂದಲೂ ಸಂಶಯವಿದೆ. ಅದಿರಲಿ. ನಾನು ಹೇಳುತ್ತಿರುವುದು ನಿಜಾಮ ಸರ್ಕಾರದ ಕಾಲದ ಮಾತು. ಬೀದರಿಗೆ ಆಗಿನ್ನೂ ರೈಲು ಬಂದಿರಲಿಲ್ಲ, ಭಾಲ್ಕಿಗೆ ವಿದ್ಯೆಯೂ ಅಷ್ಟಾಗಿ ಬಂದಿರಲಿಲ್ಲ. ಬಂದದ್ದು ಒಂದೇ ಸಲ, ಅದೂ ಮಡೆಪ್ಪನ ತಲೆಯ ಮೇಲೆ ಕೂತು ಬಂತು.

ಮಡೆಪ್ಪ ನಮ್ಮ ಪೇಟೆಯಲ್ಲಿ ಹಗ್ಗ, ಬಾರುಕೋಲು, ಎತ್ತಿನ ಮೂಗುದಾಣ ಮಾರುವವನು. ಮೂವತ್ತಾರು ವರ್ಷದ ಗೃಹಸ್ಥ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಸುಳ್ಳು ಹೇಳಿದವನಲ್ಲ. ಆದರೂ ಅವನ ಮಾತನ್ನು ಒಂದು ನರಪಿಳ್ಳೆಯೂ ನಂಬುತ್ತಿರಲಿಲ್ಲ. ಇವತ್ತು ಮಂಗಳವಾರ ಎಂದು ಮಡೆಪ್ಪ ಹೇಳಿದರೆ, ಕೇಳಿದವನು ಎದುರಿಗಿದ್ದ ನನ್ನ ಬಟ್ಟೆ ಅಂಗಡಿಗೆ ಬಂದು ಇನ್ನೊಮ್ಮೆ ಕೇಳಿ ಹೋಗುತ್ತಿದ್ದ. ಕೆಲವರ ಮುಖವೇ ಹಾಗಿರುತ್ತದೆ, ಏನು ಮಾಡುವುದು.

ವೈಶಾಖದಲ್ಲಿ ಒಂದು ದಿನ ಮಡೆಪ್ಪ ಪುಂಡಿನಾರು ತರಲು ಬೀದರಿಗೆ ಹೋದ. ಮಧ್ಯಾಹ್ನ ಮಳೆ ಹಿಡಿಯಿತು. ಕೋಟೆಯ ಹತ್ತಿರದ ಒಂದು ಸಾಲೆಯ ಪಡಸಾಲೆಯಲ್ಲಿ ನಿಂತುಕೊಂಡ. ಒಳಗೆ ಹೈದರಾಬಾದಿನಿಂದ ಬಂದಿದ್ದ ಅಯ್ಯುಬ ಮಾಸ್ತರರು ಸಿಡಿಲಿನ ಬಗ್ಗೆ ಪಾಠ ಹೇಳುತ್ತಿದ್ದರು. ಮಡೆಪ್ಪ ಕಿಟಕಿಯಲ್ಲಿ ತಲೆ ಇಟ್ಟು ಕೇಳಿದ. ಮಳೆ ಶುರುವಾಗುವ ಹೊತ್ತಿಗೆ ಪಾಠ ಅರ್ಧವಾಗಿತ್ತು, ಪಾಠ ಮುಗಿಯುವ ಮೊದಲೇ ಮಳೆ ನಿಂತಿತು. ಹೀಗೆ ಹಿಂದೂ ಮುಂದೂ ಇಲ್ಲದ ನಡುವಿನ ವಿದ್ಯೆಯನ್ನು ಕಟ್ಟಿಕೊಂಡು ಅವನು ಪಂಡಿತನಾಗಿ ಊರಿಗೆ ಮರಳಿದ.

ಮರುದಿನ ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಉಪದೇಶ ಶುರುವಾಯಿತು.

"ನೋಡ್ರಿ, ಮೋಡಿನಾಗ ಒಂದು ಶಕ್ತಿ ತುಂಬಿರ್ತದ. ಮಾಸ್ತರ್ ಸಾಹೇಬರು ಗಾಜಿನ ಕೋಲಿಗಿ ರೇಶ್ಮಿ ಬಟ್ಟಿ ತಿಕ್ಕಿದ್ರು, ಕಾಗದದ ಚೂರು ಹಾರಿ ಬಂದು ಅಂಟಿದ್ವು. ಅದೇ ಶಕ್ತಿ! ಮೋಡಿನಾಗ ಭಾಳ ಆಯ್ತಂದ್ರ ಕೆಳಗ ಜಿಗೀತದ. ಜಿಗಿಯೋ ಮುಂದ ಎಲ್ಲಕ್ಕಿಂತ ಎತ್ತರ ಇದ್ದದ್ದನ್ನ ಹಿಡೀತದ."

ಗಾಜಿನ ಕೋಲು ಇಲ್ಲದ್ದರಿಂದ ಮಡೆಪ್ಪ ಕಟ್ಟಿಗೆಯ ಹಣಿಗೆ ತೆಗೆದುಕೊಂಡು ತನ್ನ ತಲೆಗೆ ಗಸಗಸ ತಿಕ್ಕಿ, ಕಾಗದದ ಚೂರುಗಳ ಮೇಲೆ ಹಿಡಿದ. ತಲೆಯಲ್ಲಿ ಆ ದಿನ ಬೆಳಿಗ್ಗೆ ಹೆಂಡತಿ ಹಚ್ಚಿದ್ದ ಪಾವು ಎಣ್ಣೆ ಇತ್ತು. ಚೂರುಗಳು ಹಾರಿ ಬರಲಿಲ್ಲ, ಎಣ್ಣೆಯಲ್ಲಿ ನೆನೆದು ಅಲ್ಲೇ ಮಲಗಿದವು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಡೆಪ್ಪ ಬೇಸರಪಡದೆ ಮುಂದುವರಿಸಿದ.

"ಹೋಗ್ಲಿ ಬಿಡ್ರಿ. ಮುಖ್ಯ ಮಾತು ಕೇಳ್ರಿ. ಬೆಳಕು ಭಾಳ ಜೋರ್ ಓಡ್ತದ, ಸಪ್ಪಳ ಹಿಂದಿಂದ ನಡ್ಕೊಂತ ಬರ್ತದ. ಅದಕ್ಕ ಮಿಂಚಿದ ಮ್ಯಾಲ ಸಾವಕಾಶ ಎಣಿಸ್ರಿ. ಹತ್ತಕ್ಕ ಗುಡುಗಿದ್ರ ಸಿಡ್ಲು ಒಂದು ಕೋಸ್ ದೂರ, ಅಂದ್ರ ಎರಡು ಮೈಲ್. ಐದಕ್ಕ ಗುಡುಗಿದ್ರ ಅರ್ಧ ಕೋಸ್. ದೂರ ಅದ ಅಂತ ಸುಮ್ನ ಕೂಡಬ್ಯಾಡ್ರಿ, ಗುಡುಗು ಕೇಳಿತಂದ್ರ ಮನಿ ಸೇರ್ಬೇಕು. ಒಂಟಿ ಗಿಡದ ಕೆಳಗಂತೂ ನಿಂದರ್ಲೇಬಾರ್ದು. ಬಯಲಾಗ ಸಿಕ್ಕೊಂಡ್ರ ಕಾಲು ಜೋಡಿಸಿ, ತಲಿ ಬಗ್ಗಿಸಿ ಕುಕ್ಕರಗಾಲಿಲೆ ಕೂಡಬೇಕು."

"ಒಂದು ಅನ್ನೋದ್ರಾಗೇ ಗುಡುಗಿದ್ರ?" ಎಂದು ನಾನು ಕೇಳಿದೆ.

"ಎರಡು ಅನ್ನೋದು ಬ್ಯಾಡ್ರಿ," ಎಂದ ಮಡೆಪ್ಪ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಡೆಪ್ಪನಿಗೆ ಕಲಿತದ್ದನ್ನು ಮಾಡಿ ತೋರಿಸುವ ಚಟ. ಆ ವಾರದ ಸಂತೆಯ ದಿನ ನಮ್ಮ ಭಾಲ್ಕಿಯ ಕೋಟೆಯ ಆಚೆ ಮಿಂಚಿತು. ತುಂಬಿದ ಸಂತೆಯ ನಡುವೆ, ಬದನೆಕಾಯಿ ರಾಶಿಗೂ ಮೆಣಸಿನಕಾಯಿ ರಾಶಿಗೂ ಮಧ್ಯೆ ಮಡೆಪ್ಪ ಧಪ್ಪನೆ ಕುಕ್ಕರಗಾಲಲ್ಲಿ ಕೂತ. ಎರಡೂ ಕಿವಿ ಮುಚ್ಚಿಕೊಂಡು "ಒಂದು... ಎರಡು... ಮೂರು..." ಎಂದು ಗಟ್ಟಿಯಾಗಿ ಎಣಿಸತೊಡಗಿದ. ಏಳಕ್ಕೆ ಗುಡುಗಿತು. ಎದ್ದು ಧೋತರ ಕೊಡವಿಕೊಂಡು "ಮುಕ್ಕಾಲು ಕೋಸಿಗಿ ಸ್ವಲ್ಪ ಕಮ್ಮಿ" ಎಂದು ಸಂತೆಗೆ ಸಾರಿ, ನಾಲ್ಕು ಬದನೆಕಾಯಿ ಕೊಂಡು ಮನೆಗೆ ಹೋದ.

ಇದನ್ನು ನೋಡಿದವರಲ್ಲಿ ಕಸ್ತೂರಿಬಾಯಿ ಒಬ್ಬಳು. ಈಕೆ ನಮ್ಮ ಓಣಿಯ ಪಂಚಾಯ್ತಿಯ ಮುಖ್ಯಸ್ಥ ಶಿವರಾಜಪ್ಪನ ತಾಯಿ. ಹೊಳೆಯಾಚೆ ಸಾಸಿವೆ ಸಿಡಿದರೆ ಯಾರ ಮನೆಯಲ್ಲಿ ಏನು ಸಾರು ಎಂದು ಹೇಳಬಲ್ಲವಳು. ಆಕೆ ಮೂಗಿನ ಮೇಲೆ ಬೆರಳಿಟ್ಟಳು.

"ಮೂವತ್ತಾರು ವರ್ಷದ ಗಂಡಸು, ಮಿಂಚಿದ್ರ ಸಂತ್ಯಾಗ ಕೂಡ್ತಾನಂದ್ರ ಏನರ್ಥ? ಸಿಡ್ಲಿಗಿ ಇಷ್ಟು ಅಂಜೋರು ಯಾರು? ಇಂವ ಪಾಯಾಳು ಇದ್ದಾನ, ನೋಡ್ರಿ!"

ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಬಂದವರಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಅಂಥವರ ಮೇಲೆ ಸಿಡಿಲಿಗೆ ಕಣ್ಣಂತೆ. ಮೋಡ ಕಟ್ಟಿತೆಂದರೆ ಅದು ಅವರನ್ನೇ ಹುಡುಕಿಕೊಂಡು ಬರುತ್ತದಂತೆ, ಪಕ್ಕದಲ್ಲಿ ನಿಂತವರನ್ನೂ ಬಿಡುವುದಿಲ್ಲವಂತೆ. ಇದನ್ನು ಯಾರೂ ನೋಡಿರಲಿಲ್ಲ, ಎಲ್ಲರೂ ನಂಬಿದ್ದರು. ಮಡೆಪ್ಪನ ವಿಷಯದಲ್ಲಿ ಪೂರ್ತಿ ಉಲ್ಟಾ ನೋಡಿ, ಅವನು ಹೇಳಿದ್ದನ್ನು ಎಲ್ಲರೂ ಕೇಳಿದ್ದರು, ಯಾರೂ ನಂಬಿರಲಿಲ್ಲ.

ಅಂದಿನಿಂದ ಆಕಾಶದಲ್ಲಿ ಅಂಗೈಯಗಲ ಮೋಡ ಕಂಡರೂ ಮಡೆಪ್ಪನ ಅಂಗಡಿ ಖಾಲಿ. ಗಿರಾಕಿಗಳು ಹಗ್ಗವನ್ನು ಅರ್ಧ ಅಳೆಸಿ ಓಡತೊಡಗಿದರು. ಟಾಂಗಾದವನು ಅವನನ್ನು ಹತ್ತಿಸಿಕೊಳ್ಳಲಿಲ್ಲ. ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ನನ್ನ ಗಾದಿಯನ್ನು ಎದುರಿನ ಗೋಡೆಯಿಂದ ಹಿಂದಿನ ಗೋಡೆಗೆ ಸರಿಸಿಕೊಂಡೆ, ಗಾಳಿ ಚೆನ್ನಾಗಿ ಬರುತ್ತದೆ ಎಂದು.

ಮಡೆಪ್ಪ ತನ್ನ ತಾಯಿ ಗುರಮ್ಮನ ಹತ್ತಿರ ಹೋಗಿ ಕೂತ.

"ಯವ್ವಾ, ಖರೆ ಹೇಳು. ನಾ ತಲಿ ಮುಂದಾಗಿ ಬಂದೇನೋ, ಕಾಲು ಮುಂದಾಗಿ ಬಂದೇನೋ?"

"ನನಗೇನ್ ಗೊತ್ತಪ್ಪ," ಎಂದಳು ಗುರಮ್ಮ. "ಎರಡು ದಿನ ಬ್ಯಾನಿ ತಿಂದು ಕಣ್ಣು ಮುಚ್ಚಿದ್ದೆ. ತೆರದಾಗ ನೀ ಪೂರಾ ಬಂದಿದ್ದಿ."

ಸುದ್ದಿ ಔರಾದಿಗೆ ಮುಟ್ಟಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮಡೆಪ್ಪನ ಮಾವ ಹಾವಗೆಪ್ಪ ಗಾಡಿ ಹೂಡಿಕೊಂಡು ಬಂದಿಳಿದ. ದೊಡ್ಡ ರುಮಾಲು, ದೊಡ್ಡ ಮೀಸೆ, ಧ್ವನಿ ಇನ್ನೂ ದೊಡ್ಡದು. ಬಾಗಿಲಲ್ಲಿ ನಿಂತೇ ಗುಡುಗಿದ. ಮಡೆಪ್ಪ ಅಭ್ಯಾಸಬಲದಿಂದ ಕೂರಲು ಹೋಗಿ ಸಾವರಿಸಿಕೊಂಡ.

"ಅಳಿಯಂದ್ರೆ, ಹೆಣ್ಣು ಕೇಳ್ಲಿಕ್ಕ ಬಂದಾಗ ಕುಲ ಹೇಳಿದ್ರಿ, ಗೋತ್ರ ಹೇಳಿದ್ರಿ. ಕಾಲು ಮುಂದು ಬಂದದ್ದು ಯಾಕ ಹೇಳ್ಲಿಲ್ಲ?"

"ಮಾವನೋರೆ, ನನಗೇ ಗೊತ್ತಿಲ್ರಿ."

"ನಿಮಗೇ ಗೊತ್ತಿಲ್ದೆ ಬಂದ್ರೇನ್? ಸಿಡ್ಲು ಹುಡುಕಿಕೊಂಡು ಬರೋ ಮನ್ಯಾಗ ನನ್ನ ಮಗಳನ್ನ ಬಿಡಾಂವ ಅಲ್ಲ ನಾ. ಎಂಟು ದಿನ ಕೊಡ್ತೇನಿ. ತಲಿ ಮುಂದಾಗಿ ಬಂದೀರಿ ಅಂತ ಸಾಬೀತ್ ಮಾಡ್ರಿ. ಇಲ್ಲಂದ್ರ ಶಿವಕಾಂತಾ ನನ್ನ ಗಾಡ್ಯಾಗ ಕೂಡ್ತಾಳ, ಮತ್ತ ಈ ಹೊಸ್ತಿಲ ತುಳಿಯಾಂಗಿಲ್ಲ."

ಶಿವಕಾಂತಾ ಒಳಗೆ ಜೋಳದ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸಲಿಲ್ಲ. ಆದರೆ ಆ ಸಂಜೆ ಮೂಲೆಯಲ್ಲಿ ಅವಳ ಸೀರೆಗಳ ಗಂಟು ಕಟ್ಟಿ ಕೂತಿತ್ತು. ಮಡೆಪ್ಪ ಅದನ್ನು ನೋಡಿ ಊಟ ಬಿಟ್ಟ. ಹನ್ನೆರಡು ವರ್ಷದ ಸಂಸಾರ. ಊರಿನವರು ನಂಬದಿದ್ದರೆ ಅವನಿಗೆ ರೂಢಿಯಾಗಿತ್ತು. ಇವಳು ಹೋದರೆ ಬದುಕುವುದು ಹೇಗೆ ಎಂದು ನಿಜವಾಗಿಯೂ ಹೆದರಿದ.

ಹೆದರಿದವನು ಸರ್ಕಾರದ ಹತ್ತಿರ ಹೋದ. ಕಚೇರಿಯಲ್ಲಿ ಮುನ್ಶಿ ಅಬ್ದುಲ ಅಜೀಜ ಸಾಹೇಬರು ಕನ್ನಡಕ ಏರಿಸಿ ಅರ್ಜಿ ಓದಿದರು. ಇಳಿಸಿ ಇನ್ನೊಮ್ಮೆ ಓದಿದರು.

"'ಹುಜೂರರು ಮೆಹರ್ಬಾನಿ ಮಾಡಿ ನಾನು ತಲಿ ಮುಂದಾಗಿ ಹುಟ್ಟೇನಿ ಅಂತ ಸರ್ಟಿಫಿಕೇಟ್ ಕೊಡಬೇಕು.' ಇದೇನ್ ಮಡೆಪ್ಪ?"

"ಬದುಕಿನ ಪ್ರಶ್ನಿ ಅದರಿ ಸಾಹೇಬ್ರೆ."

"ಮನುಷ್ಯ ಹುಟ್ಯಾನೋ ಇಲ್ಲೋ, ಸತ್ತಾನೋ ಇಲ್ಲೋ, ಇಷ್ಟು ಸರ್ಕಾರ ನೋಡ್ತದ. ಯಾವ ಕಡಿಂದ ಹುಟ್ಯಾನ ಅಂತ ಬರಿಯೋ ಖಾನಾ ನಮ್ಮ ದಫ್ತರದಾಗ ಇಲ್ಲ." ಮುನ್ಶಿಯವರು ಧ್ವನಿ ತಗ್ಗಿಸಿದರು. "ನಿಂಗ ಯಾಕ ಬೇಕಾಗ್ಯದ ಇದು? ಖರೆ ಹೇಳು. ಜಮೀನಿನ ತಕರಾರೇನು?"

"ಸಿಡ್ಲಿನ ತಕರಾರ್ರಿ."

ಹೊರಗೆ ಎಲ್ಲೋ ದೂರದಲ್ಲಿ ಗುಡುಗಿತು. ಮುನ್ಶಿಯವರು ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಕೊಟ್ಟು, ಬಾಗಿಲು ತೋರಿಸಿದರು. ಆಮೇಲೆ ಮಡೆಪ್ಪ ಕೂತಿದ್ದ ಬೆಂಚನ್ನು ಅಂಗಳಕ್ಕೆ ಹಾಕಿಸಿದರೆಂದು ಕೇಳಿದ್ದೇನೆ.

ಎಂಟನೆಯ ದಿನ ಮಧ್ಯಾಹ್ನ ಪಂಚಾಯ್ತಿ ಸೇರಿತು. ಎಲ್ಲಿ? ಕೋಟೆಯ ಹಿಂದಿನ ಬಯಲಲ್ಲಿ ಒಂಟಿಯಾಗಿ ನಿಂತ ಹಳೆಯ ಹುಣಸೆಮರದ ಕೆಳಗೆ. ನಮ್ಮ ಪಂಚಾಯ್ತಿಗಳೆಲ್ಲ ಅಜ್ಜನ ಕಾಲದಿಂದ ಅಲ್ಲೇ ಆಗುತ್ತವೆ. ಬುಡದ ಕಲ್ಲಿನ ಮೇಲೆ ಶಿವರಾಜಪ್ಪ ಕೂತ. ಹಾವಗೆಪ್ಪ ಗಾಡಿಯನ್ನು ಮಡೆಪ್ಪನ ಮನೆಯ ಮುಂದೆ, ಗಂಟನ್ನು ಬಾಗಿಲ ಒಳಗೆ ಬಿಟ್ಟು, ಮಗಳನ್ನು ಕರೆದುಕೊಂಡು ಬಂದಿದ್ದ. ಗುರಮ್ಮ, ಕಸ್ತೂರಿಬಾಯಿ, ನಾನು, ಓಣಿಯವರು, ಎಲ್ಲ ಸೇರಿ ಹದಿನಾಲ್ಕು ಮಂದಿ. ಮಡೆಪ್ಪ ಹದಿನೈದನೆಯವನು. ಅವನನ್ನು ನಲವತ್ತು ಹೆಜ್ಜೆ ದೂರ ಬಿಸಿಲಲ್ಲಿ ನಿಲ್ಲಿಸಲಾಗಿತ್ತು. ಇದು ಮುಂಜಾಗ್ರತೆ.

ಸಾಕ್ಷಿ ಒಬ್ಬಳೇ, ಸೂಲಗಿತ್ತಿ ರಹೀಮುನ್ನಿಸಾ. ಎಂಬತ್ತು ವರ್ಷದ ಮುದುಕಿ, ನಮ್ಮಲ್ಲಿ ಮುಕ್ಕಾಲು ಪಾಲು ಜನರನ್ನು ಭೂಮಿಗೆ ತಂದವಳು. ಬಂದವರನ್ನೆಲ್ಲ ಒಮ್ಮೆ ನೋಡಿ, ತಂದದ್ದು ತಪ್ಪಾಯಿತೇನೋ ಎಂಬಂತೆ ತಲೆಯಾಡಿಸಿದಳು.

"ಬೂವಾ, ನೆಪ್ಪು ಮಾಡ್ಕೊಂಡು ಹೇಳ್ರಿ," ಎಂದ ಶಿವರಾಜಪ್ಪ. "ಮಡೆಪ್ಪ ಪಾಯಾಳು ಹೌದೋ ಅಲ್ಲೋ?"

"ನೆಪ್ಪು ಅದಪ್ಪ, ಯಾಕಿಲ್ಲ," ಎಂದಳು ಮುದುಕಿ. "ಆ ವಾರ ಈ ಓಣ್ಯಾಗ ಎರಡು ಗಂಡು ಕೂಸು ಹಿಡದೆ. ಒಂದು ತಲಿ ಮುಂದಾಗಿ ಬಂತು, ಒಂದು ಕಾಲು ಮುಂದಾಗಿ. ಒಂದು ಗುರಮ್ಮಂದು."

"ಇನ್ನೊಂದು?"

"ಇನ್ನೊಂದು ನೀನೇ ಅಲ್ಲೇನಪ್ಪ."

ಶಿವರಾಜಪ್ಪನ ಅಕ್ಕಪಕ್ಕ ಕೂತವರು ಕುಂಡೆ ಎತ್ತದೆ ಒಂದೊಂದು ಮೊಳ ಸರಿದರು. ನನಗೆ ಕಾಲು ಜೋಮು ಹಿಡಿದದ್ದರಿಂದ ನಾನು ಎರಡು ಮೊಳ ಸರಿದೆ. ಕಸ್ತೂರಿಬಾಯಿಯ ಮುಖ ಬಿಳುಪೇರಿತು.

"ಯಾವ್ದು ತಲಿ, ಯಾವ್ದು ಕಾಲು ಬೂವಾ?" ಎಂದ ಶಿವರಾಜಪ್ಪ, ಧ್ವನಿ ಸಣ್ಣದಾಗಿತ್ತು.

"ಅದಷ್ಟು ನೆಪ್ಪಿಲ್ಲ."

"ಮುದುಕಿಗಿ ಬುದ್ಧಿ ಇಲ್ಲ!" ಎಂದು ಕಸ್ತೂರಿಬಾಯಿ ಚೀರಿದಳು. "ನನ್ನ ಮಗ ನೆಟ್ಟಗ ಬಂದಾನ, ಬಂಗಾರದಂಗ ಬಂದಾನ!"

"ಇಷ್ಟು ಚೀರ್ತೀರಂದ್ರ ಏನೋ ಅದ," ಎಂದು ಹಾವಗೆಪ್ಪ ಮೀಸೆ ಸವರಿದ. ಯಾರ ಮೇಲೆ ಸಂಶಯ ಪಡಬೇಕೆಂದು ತಿಳಿಯದೆ ಎಲ್ಲರೂ ಎಲ್ಲರ ಮೇಲೂ ಪಡತೊಡಗಿದರು. ಈ ಗದ್ದಲದಲ್ಲಿ ಪಡುವಣ ದಿಕ್ಕು ಕಪ್ಪಾದದ್ದನ್ನು ಯಾರೂ ನೋಡಲಿಲ್ಲ. ಮಿಂಚಿತು. ದೂರದಿಂದ ಮಡೆಪ್ಪನ ಧ್ವನಿ ಕೇಳಿತು.

"...ಎಂಟು, ಒಂಬತ್ತು!" ಗುಡುಗಿತು. "ಒಂದು ಕೋಸಿನ ಒಳಗ ಬಂತ್ರಿ! ಗಿಡದ ಕೆಳಗಿಂದ ಏಳ್ರಿ! ಮನಿ ಸೇರ್ರಿ!"

"ಪಂಚಾಯ್ತಿ ಮುರೀಲಿಕ್ಕ ನೋಡ್ಲತ್ತಾನ," ಎಂದ ಶಿವರಾಜಪ್ಪ. "ಯಾರೂ ಏಳಬ್ಯಾಡ್ರಿ."

ಮಳೆಹನಿ ಬಿತ್ತು. ಎಲ್ಲರೂ ಮರದ ಬುಡಕ್ಕೆ ಇನ್ನಷ್ಟು ಒತ್ತಿಕೊಂಡರು. ಮಿಂಚಿತು. ನಾಲ್ಕಕ್ಕೆ ಗುಡುಗಿತು. ಮಡೆಪ್ಪ ಓಡಿ ಬಂದು ಕೈಮುಗಿದ.

"ನಿಮ್ಮ ಕಾಲು ಬೀಳ್ತೇನಿ, ಏಳ್ರಿ! ಇಡೀ ಬಯಲಾಗ ಇದೊಂದೇ ಎತ್ತರ ಅದ. ಸಿಡ್ಲು ಬಿದ್ರ ಇದ್ರ ಮ್ಯಾಲೇ ಬೀಳ್ತದ!"

"ದೂರ ನಿಂದ್ರು! ಸಿಡ್ಲು ಬೆನ್ನಿಗಿ ಕಟ್ಕೊಂಡು ಬಂದೀದಿ!" ಎಂದು ಯಾರೋ ಅವನ ಮೇಲೆ ಕಲ್ಲು ಎಸೆದರು. ಶಿವಕಾಂತಾ ಅತ್ತೆಯ ಕೈ ಹಿಡಿದುಕೊಂಡು ಬುಡಕ್ಕೆ ಆತು ನಿಂತಿದ್ದಳು. ಮಡೆಪ್ಪ ಅವಳನ್ನೂ ತಾಯಿಯನ್ನೂ ನೋಡಿದ. ಮತ್ತೆ ಮಿಂಚಿತು, ಎರಡಕ್ಕೆ ಗುಡುಗಿತು.

ಆಗ ಮಡೆಪ್ಪನ ಧ್ವನಿ ಒಮ್ಮೆಲೇ ಮೆತ್ತಗಾಯಿತು. ಪಾನ್ ಅಂಗಡಿಯವನ ಹಾಗೆ ಹಲ್ಲುಕಿರಿದ.

"ಬರೋಬರಿ ಅದ ನೋಡ್ರಿ. ನಂದೇ ತಪ್ಪು. ಮಾಸ್ತರ್ ಸಾಹೇಬರು ಗಿಡದ ಕೆಳಗೇ ನಿಂದರ್ಬೇಕು ಅಂದಿದ್ರು, ನಾ ಉಲ್ಟಾ ಹೇಳ್ದೆ. ಇಲ್ಲೇ ಇರ್ರಿ ಎಲ್ಲಾರು. ಬುಡಕ್ಕ ಒತ್ತಿ ನಿಂದ್ರಿ. ಒಬ್ಬರೂ ಕದಲಬ್ಯಾಡ್ರಿ. ನಾ ಮಾತ್ರ ದೂರ ಹೋಗ್ತೇನಿ."

ಹಿಂದೆ ಹಿಂದೆ ಹೆಜ್ಜೆ ಇಡತೊಡಗಿದ. ಹದಿನಾಲ್ಕು ಜನರ ಎದೆಯಲ್ಲೂ ಒಂದೇ ಮಾತು ಹೊಳೆಯಿತು. ಇವನು ನಮ್ಮನ್ನು ಇಲ್ಲಿ ಯಾಕೆ ನಿಲ್ಲಿಸುತ್ತಿದ್ದಾನೆ? ತಾನು ಯಾಕೆ ದೂರ ಹೋಗುತ್ತಿದ್ದಾನೆ?

"ಅಯ್ಯಯ್ಯೋ, ಕೊಲ್ಲಲಿಕ್ಕ ನೋಡ್ಲತ್ತಾನ!" ಎಂದು ಕಸ್ತೂರಿಬಾಯಿ ಮೂವತ್ತಾರು ವರ್ಷದ ಮಗನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಟ ಕಿತ್ತಳು. ಅವಳ ಹಿಂದೆ ಇಡೀ ಪಂಚಾಯ್ತಿ. ರಹೀಮುನ್ನಿಸಾಳನ್ನು ಹಾವಗೆಪ್ಪ ಹೆಗಲ ಮೇಲೆ ಹಾಕಿಕೊಂಡಿದ್ದ. ನಾನು ಯಾರನ್ನೂ ಎತ್ತಿಕೊಂಡಿರಲಿಲ್ಲ, ಹಾಗಾಗಿ ಮೊದಲು ಮುಟ್ಟಿದೆ.

ಮುಟ್ಟಿದ್ದು ಎಲ್ಲಿಗೆ? ಎಲ್ಲಕ್ಕಿಂತ ಹತ್ತಿರದ ಮಡೆಪ್ಪನ ಮನೆಗೇ. ಸಿಡಿಲು ಹುಡುಕುವ ಮನುಷ್ಯ ಹೊರಗಿದ್ದಾನೆಂದ ಮೇಲೆ ಭಾಲ್ಕಿಯಲ್ಲಿ ಅದಕ್ಕಿಂತ ಸುರಕ್ಷಿತ ಮನೆ ಯಾವುದು? ಎಲ್ಲರೂ ಒಳಗೆ ತುಂಬಿಕೊಂಡೆವು. ಶಿವರಾಜಪ್ಪ ಬಾಗಿಲಿಗೆ ಅಗುಳಿ ಹಾಕಿ ಬೆನ್ನು ಕೊಟ್ಟು ನಿಂತ.

"ಅವ್ರು ಹೊರಗ ಅದಾರ," ಎಂದಳು ಶಿವಕಾಂತಾ.

"ಇರ್ಲಿ," ಎಂದರು ಎಲ್ಲರೂ.

ಕಿಟಕಿಯ ಸಂದಿ ಬೆಳ್ಳಗಾಯಿತು. ಶಿವಕಾಂತಾಳ ತುಟಿ ಅಲುಗಿತು. "ಒಂ..." ಅಷ್ಟೇ. ಆಕಾಶ ಹರಿದು ಬಿದ್ದ ಸಪ್ಪಳಕ್ಕೆ ಗಡಿಗೆಗಳು ಉರುಳಿದವು. ಕಿಟಕಿಯಲ್ಲಿ ಇಣುಕಿದೆ. ಹುಣಸೆಮರ ತುದಿಯಿಂದ ಬುಡದವರೆಗೆ ಎರಡಾಗಿ ಸೀಳಿ, ಹೊಗೆ ಎದ್ದಿತ್ತು. ಶಿವರಾಜಪ್ಪ ಕೂತಿದ್ದ ಕಲ್ಲು ಎರಡು ಹೋಳು. ಬಯಲಲ್ಲಿ ಯಾರೂ ಕಾಣಲಿಲ್ಲ.

ಶಿವಕಾಂತಾ ಪಂಚಾಯ್ತಿಯ ಮುಖ್ಯಸ್ಥನನ್ನು ಒಂದೇ ಕೈಯಲ್ಲಿ ಬದಿಗೆ ತಳ್ಳಿ, ಅಗುಳಿ ಕಿತ್ತು, ಮಳೆಗೆ ಇಳಿದಳು. "ಎಲ್ಲದೀರಿ? ಎಲ್ಲದೀರ್ರಿ?" ಎಂದು ಕೂಗಿದಳು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾವು ಎಂದೂ ಕೇಳಿರಲಿಲ್ಲ. ಬಯಲಿನ ತಗ್ಗಿನಿಂದ ಒಂದು ಕೆಸರಿನ ಮುದ್ದೆ ಎದ್ದು ನಿಂತಿತು. ಕಾಲು ಜೋಡಿಸಿ, ತಲೆ ಬಗ್ಗಿಸಿ ಕುಕ್ಕರಗಾಲಲ್ಲಿ ಕೂತಿದ್ದ ಮಡೆಪ್ಪ. ಅವಳು ಅವನ ರಟ್ಟೆ ಹಿಡಿದು ಎಳೆದುಕೊಂಡು ಒಳಗೆ ಬಂದಳು. ಅವನು ಗಡಗಡ ನಡುಗುತ್ತಿದ್ದ.

ಬದುಕಿ ಉಳಿದವರು ಏನು ಮಾಡಬೇಕಿತ್ತು? ಕೈ ಮುಗಿಯಬೇಕಿತ್ತು. ನಾವು ಭಾಲ್ಕಿಯವರು, ವಿಚಾರಣೆ ಮುಂದುವರಿಸಿದೆವು.

"ಎಲ್ಲಾರು ಕೇಳೀರಿ," ಎಂದ ಶಿವರಾಜಪ್ಪ, ಸಿಡಿಲಿಗೆ ಮತ್ತೆ ತಾಯಿಯ ಸೆರಗು ಸೇರಿದ್ದ ತಲೆ ಹೊರಗೆ ತೆಗೆದು. "ಗಿಡದ ಕೆಳಗ ನಿಂದ್ರಿ ಅಂತ ತನ್ನ ಬಾಯಿಲೇ ಹೇಳ್ಯಾನ. ನಿಂತಿದ್ರ ಹದಿನಾಲ್ಕು ಹೆಣ ಬೀಳ್ತಿದ್ವು."

"ನಮ್ಮ ಪುಣ್ಯಕ್ಕ ಇಂವನ ಮಾತು ಕೇಳ್ಲಿಲ್ಲ," ಎಂದಳು ಕಸ್ತೂರಿಬಾಯಿ.

ಹಾವಗೆಪ್ಪ ರುಮಾಲು ಹಿಂಡಿಕೊಂಡು ಎದ್ದ. "ಪಾಯಾಳು ಇರ್ಲಿ, ಬಿಡ್ಲಿ. ಇಷ್ಟು ಮಂದೀನ ಸಾಯ್ಲಿಕ್ಕ ನಿಲ್ಸಾಂವನ ಮನ್ಯಾಗ ನನ್ನ ಮಗಳು ಇರೋದು ಬ್ಯಾಡ. ಮಳಿ ನಿಂತಿತು. ನಡಿ ಶಿವಕಾಂತಾ. ಅಳಿಯಂದ್ರೆ, ಏನರ ಹೇಳೋದಿದ್ರ ಈಗ ಹೇಳ್ರಿ."

ಶಿವಕಾಂತಾ ಗಂಟನ್ನು ಕೈಗೆತ್ತಿಕೊಂಡು ಗಂಡನ ಮುಖ ನೋಡಿದಳು. ಮಡೆಪ್ಪ ಗಂಟನ್ನು ನೋಡಿದ, ಹೆಂಡತಿಯನ್ನು ನೋಡಿದ. ಕಣ್ಣು ತುಂಬಿತ್ತು, ಅಥವಾ ಮಳೆಯ ನೀರಿರಬೇಕು.

"ಕರ್ಕೊಂಡು ಹೋಗ್ರಿ ಮಾವನೋರೆ," ಎಂದ. "ಇಕಿ ಇಲ್ಲಿರೋದು ನನಗ ಬ್ಯಾಡೇ ಬ್ಯಾಡ. ಈಗಿಂದೀಗಲೇ ಕರ್ಕೊಂಡು ಹೋಗ್ರಿ."

"ಕೇಳಿದ್ಯಾ?" ಎಂದ ಹಾವಗೆಪ್ಪ.

"ಕೇಳ್ದೆ," ಎಂದಳು ಶಿವಕಾಂತಾ. ಗಂಟನ್ನು ನೆಲದ ಮೇಲಿಟ್ಟಳು. ಬಿಚ್ಚಿದಳು. "ಅಪ್ಪಾ, ನೀ ಗಾಡಿ ಹೂಡ್ಕೊ. ಕತ್ಲಾಗೋದ್ರಾಗ ಮನಿ ಮುಟ್ಟು. ನನಗ ಒಲಿ ಹಚ್ಚೋದದ."

ಹಾವಗೆಪ್ಪ ಮಗಳ ಮುಖ ನೋಡಿದ, ಅಳಿಯನ ಮುಖ ನೋಡಿದ, ಇಬ್ಬರಿಗೂ ಸಿಡಿಲಿನ ಗಾಳಿ ಬಡಿದಿದೆಯೆಂದು ತೀರ್ಮಾನಿಸಿದ. ಮರದ ಕೆಳಗೆ ಮಡೆಪ್ಪ ಉಲ್ಟಾ ಹೇಳಿದ್ದು ನಮ್ಮನ್ನು ಎಬ್ಬಿಸಲಿಕ್ಕೆ ಎಂದು ನನಗೆ ಹೊಳೆಯಲು ಮೂರು ದಿನ ಬೇಕಾಯಿತು. ಅವಳಿಗೆ ಓಡುವ ದಾರಿಯಲ್ಲೇ ಹೊಳೆದಿರಬೇಕು.

ಶಿವಕಾಂತಾ ಗಂಟಿನೊಳಗಿನಿಂದ ಗಂಡನ ಒಣಗಿದ ಧೋತರವೊಂದನ್ನು ತೆಗೆದಳು. ತವರಿಗೆ ಹೊರಟ ಗಂಟಿನಲ್ಲಿ ಅದು ಯಾಕಿತ್ತೋ, ಯಾರೂ ಕೇಳಲಿಲ್ಲ. ನಡುಗುತ್ತ ನಿಂತಿದ್ದ ಮಡೆಪ್ಪನ ಮೇಲೆ ಅದನ್ನು ಎಸೆದಳು.

"ಇದನ್ನ ಉಟ್ಕೋಬ್ಯಾಡ್ರಿ," ಎಂದಳು.

ಮಡೆಪ್ಪ ಉಟ್ಟುಕೊಂಡ.